ವಾಚ್ ಇಲ್ಲೇ ಕೊಳ್ಳೋದಾ, ಹೊರದೇಶದಿಂದ ತರೋದಾ? ಲೆಕ್ಕ ಹಾಕುವ ಕ್ರಮ, ಹೆಜ್ಜೆ ಹೆಜ್ಜೆಯಾಗಿ

"ದುಬೈನಲ್ಲಿ ಅಗ್ಗ ಅಂತ ತಂದೆ, ಕೊನೆಗೆ ನೋಡಿದ್ರೆ ಇಲ್ಲಿಗಿಂತ ಜಾಸ್ತಿನೇ ಆಯ್ತು" ಅನ್ನುವ ಗೋಳು ಮುಗಿಯುವ ಹಾಗೆ ಕಾಣುವುದಿಲ್ಲ. ಎಲ್ಲರೂ ಎಡವುವುದು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಎರಡು ಅಂಗಡಿಯ ಬೆಲೆಚೀಟಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಅಷ್ಟಕ್ಕೇ ತೀರ್ಮಾನ ಮಾಡಿಬಿಡುತ್ತಾರೆ. ಕಾರ್ಡಿನ ಶುಲ್ಕ, ಅಲ್ಲಿಂದ ಹೊರಡುವಾಗ ವಾಪಸ್ ಸಿಗುವ ತೆರಿಗೆ, ಇಲ್ಲಿ ಇಳಿದಾಗ ಕಟ್ಟುವ ಸುಂಕ, ಈ ಮೂರೂ ಸೇರದ ಬೆಲೆ ಬೆಲೆಯೇ ಅಲ್ಲ. ಈ ಲೆಕ್ಕವನ್ನು ಟಿಕೆಟ್ ತೆಗೆದ ವಾರವೇ, ಮನೆಯಲ್ಲಿ ಕೂತು ಮಾಡಿ. ಅಂಗಡಿಯ ದೀಪದ ಕೆಳಗೆ ನಿಂತಾಗ ಯಾರಿಗೂ ಗಣಿತ ಬರುವುದಿಲ್ಲ.

ಇದು ಸುಮಾರು 10 ಸಾವಿರದಿಂದ 5 ಲಕ್ಷ ರೂಪಾಯಿವರೆಗಿನ ವಾಚ್ ಕೊಳ್ಳುವವರಿಗೆ. ಟೈಟಾನ್ ಬೇಕಿದ್ದವರು ಮುಂದೆ ಓದಬೇಕಿಲ್ಲ, ಇಲ್ಲೇ ಕೊಳ್ಳಿ. ರೋಲೆಕ್ಸ್‌ನ ಸ್ಟೀಲ್ ಮಾದರಿಗಳಲ್ಲಿ ಬೆಲೆಗಿಂತ ಕಾಯುವ ಪಟ್ಟಿಯೇ ದೊಡ್ಡ ತಲೆನೋವು, ಅದನ್ನು ಇಲ್ಲಿ ಮುಟ್ಟುವುದಿಲ್ಲ.

## ಮೊದಲು ಕೈಯಲ್ಲಿ ಇರಬೇಕಾದ್ದು

ವಾಚಿನ ಪೂರ್ತಿ ಮಾದರಿ ಸಂಖ್ಯೆ. ನಿಮ್ಮ ಕ್ರೆಡಿಟ್ ಕಾರ್ಡಿನ ಫಾರಿನ್ ಮಾರ್ಕಪ್ ದರ, ಅಂದರೆ ಹೊರದೇಶದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ. ಇವತ್ತಿನ ವಿನಿಮಯ ದರ. ಭಾರತದ ಕಸ್ಟಮ್ಸ್ ಜಾಲತಾಣದಲ್ಲಿ ಇರುವ ಈಗಿನ ಸುಂಕರಹಿತ ಮಿತಿ ಮತ್ತು ಸುಂಕದ ದರ. ಒಂದು ಹಾಳೆ, ಒಂದು ಪೆನ್ನು. ಇಷ್ಟು ಸಾಕು.

## ಹಂತ 1: ಯಾವ ವಾಚ್ ಅಂತ ಕೊನೆಯ ಅಂಕಿಯವರೆಗೆ ಖಚಿತ ಮಾಡಿ

"ಟಿಸೋ ಪಿಆರ್‌ಎಕ್ಸ್, ನೀಲಿ ಡಯಲ್" ಅಂದರೆ ಸಾಲದು. ಟಿ137.407 ಅಂತ ಶುರುವಾದರೆ ಅದು ಕೈಯ ಅಲುಗಾಟಕ್ಕೆ ತಾನೇ ಕೀಲಿ ತುಂಬಿಕೊಳ್ಳುವ ಆಟೋಮ್ಯಾಟಿಕ್, ಟಿ137.410 ಅಂತಿದ್ದರೆ ಬ್ಯಾಟರಿಯ ಕ್ವಾರ್ಟ್ಜ್. ಮುಂದಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗಿವೆ, ಬೆಲೆಯಲ್ಲಿ ಮಾತ್ರ ಭಾರಿ ಅಂತರ. "ಅಲ್ಲಿ ಅರ್ಧ ಬೆಲೆ!" ಅನ್ನುವ ಎಷ್ಟೋ ಸುದ್ದಿಗಳ ಹಿಂದೆ ಇಂಥ ಗೊಂದಲ ಇರುತ್ತದೆ. ಸೈಕೋದ ಹಳೆಯ ಸಂಖ್ಯೆಗಳಲ್ಲೂ ಹೀಗೇ: ಕೊನೆಗೆ ಜೆ1 ಇದ್ದರೆ ಡಯಲ್ ಮೇಲೆ ಜಪಾನ್‌ನಲ್ಲಿ ತಯಾರಾದದ್ದು ಅಂತ ಇರುತ್ತದೆ, ಕೆ1 ಇದ್ದರೆ ಇರುವುದಿಲ್ಲ. ಎರಡರ ಬೆಲೆಯೂ ಬೇರೆ.

ಮಾದರಿ ಸರಿಯಿದ್ದರೂ ಯಾವ ದೇಶದ ಮಾರುಕಟ್ಟೆಗೆ ಮಾಡಿದ್ದು ಅನ್ನುವುದನ್ನೂ ನೋಡಿ. ವಾರ ತೋರಿಸುವ ಸೈಕೋ ವಾಚ್ ಗಲ್ಫ್‌ನಿಂದ ತಂದರೆ ವಾರದ ಚಕ್ರ ಇಂಗ್ಲಿಷ್ ಮತ್ತು ಅರೇಬಿಕ್‌ನಲ್ಲಿ ಇರಬಹುದು, ಜಪಾನ್‌ನಿಂದ ತಂದರೆ ಇಂಗ್ಲಿಷ್ ಮತ್ತು ಜಪಾನಿ ಅಕ್ಷರದಲ್ಲಿ. ಕೆಲವರಿಗೆ ಅದೇ ಚಂದ. ಬೇಡದವರು ಮೊದಲೇ ಕೇಳಿಕೊಳ್ಳಿ.

ಜಪಾನ್‌ಗೆ ಹೋಗುವವರಿಗೆ ಇನ್ನೊಂದು ಮಾತು. ರೇಡಿಯೋ ಸಿಗ್ನಲ್ ಹಿಡಿದು ತಾನೇ ಸಮಯ ಸರಿಮಾಡಿಕೊಳ್ಳುವ ಜಿ-ಶಾಕ್‌ಗಳು ಅಲ್ಲಿ ಆಸೆ ಹುಟ್ಟಿಸುತ್ತವೆ. 'ಮಲ್ಟಿ ಬ್ಯಾಂಡ್ 6' ಅಂದರೆ ಜಪಾನ್‌ನ ಎರಡು, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಯ ಒಂದೊಂದು ಪ್ರಸಾರ ಕೇಂದ್ರ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಇದ್ಯಾವುದರ ವ್ಯಾಪ್ತಿಯಲ್ಲೂ ಇಲ್ಲ. ಆ ಸೌಲಭ್ಯಕ್ಕೆ ಸುಮ್ನೆ ದುಡ್ಡು ಕೊಡಬೇಡಿ. ಬ್ಲೂಟೂತ್ ಮೂಲಕ ಫೋನಿನಿಂದ ಸಮಯ ತೆಗೆದುಕೊಳ್ಳುವ ಮಾದರಿ ಸಿಕ್ಕರೆ ಅದೇ ಮೇಲು.

## ಹಂತ 2: ಇಲ್ಲಿಯ ನಿಜವಾದ ಬೆಲೆ ತಿಳಿದುಕೊಳ್ಳಿ

ಜಾಲತಾಣದಲ್ಲಿ ಕಾಣುವುದು ಎಂಆರ್‌ಪಿ. ಅದರಲ್ಲಿ ಶೇ. 18ರ ಜಿಎಸ್‌ಟಿ ಸೇರಿರುತ್ತದೆ, ಆಮದು ವಾಚಾದರೆ ಆಮದು ಸುಂಕದ ಭಾರವೂ ಒಳಗೇ ಇರುತ್ತದೆ. ಆದರೆ ಎಂಆರ್‌ಪಿ ಕೊಟ್ಟೇ ಕೊಳ್ಳಬೇಕು ಅಂತೇನಿಲ್ಲ. ಒಂದೇ ಬ್ರ್ಯಾಂಡಿನ ಬೂಟಿಕ್‌ಗಳು ಸಾಮಾನ್ಯವಾಗಿ ಬೆಲೆ ಇಳಿಸುವುದಿಲ್ಲ. ಹೀಲಿಯೋಸ್, ಈಥೋಸ್ ಥರದ ಹಲವು ಬ್ರ್ಯಾಂಡಿನ ಮಳಿಗೆಗಳಲ್ಲಿ, ಊರಿನ ಹಳೆಯ ಅಧಿಕೃತ ಡೀಲರ್‌ಗಳಲ್ಲಿ ಕೇಳಿದರೆ ಸಿಗುವುದುಂಟು. ನಾಚಿಕೆ ಬಿಟ್ಟು ಕೇಳಿ: "ಕೊನೆ ಬೆಲೆ ಎಷ್ಟು? ಕಾರ್ಡ್ ಆಫರ್ ಬೇರೆ ಇದೆಯಾ? ಬಡ್ಡಿ ಇಲ್ಲದ ಇಎಂಐ ತಗೊಂಡ್ರೆ ರಿಯಾಯಿತಿ ಹೋಗುತ್ತಾ?" ಕೊನೆಯ ಪ್ರಶ್ನೆ ಮರೆಯಬೇಡಿ. ಬಡ್ಡಿ ಇಲ್ಲ ಅನ್ನುವ ಕಂತಿನ ಬಡ್ಡಿ ಕೆಲವು ಕಡೆ ಕೈತಪ್ಪಿದ ರಿಯಾಯಿತಿಯ ರೂಪದಲ್ಲಿ ಇರುತ್ತದೆ.

ಎರಡು ಮೂರು ಕಡೆ ಕೇಳಿ, ಬೆಲೆಯನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಹಾಳೆಯ ಎಡಗಡೆ ಬರೆಯಬೇಕಾದ ಅಂಕಿ ಇದು, ಎಂಆರ್‌ಪಿ ಅಲ್ಲ.

ಸ್ವಿಸ್ ವಾಚ್ ನೋಡುತ್ತಿದ್ದರೆ ಇನ್ನೊಂದು ವಿಷಯ. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಕೂಟದ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸ್ವಿಸ್ ವಾಚುಗಳ ಆಮದು ಸುಂಕ ಹಂತಹಂತವಾಗಿ ಇಳಿಯುತ್ತಿದೆ. ಹಾಗಾಗಿ ನಾಲ್ಕು ವರ್ಷದ ಹಿಂದೆ ಗೆಳೆಯ ಹೇಳಿದ "ಅಲ್ಲಿ ಇಷ್ಟು ಕಮ್ಮಿ" ಅನ್ನುವ ಅಂಕಿ ಇವತ್ತಿಗೆ ಆಗಿಬರುವುದಿಲ್ಲ.

## ಹಂತ 3: ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಕೇಳಿ

ಈ ಹಂತವನ್ನು ಜನ ಕೊನೆಗೆ ಇಡುತ್ತಾರೆ. ನಾನಾದರೆ ದುಡ್ಡಿನ ಲೆಕ್ಕಕ್ಕಿಂತ ಮೊದಲು ಇಡುತ್ತೇನೆ, ಯಾಕೆಂದರೆ ಇಲ್ಲಿ 'ಇಲ್ಲ' ಅಂತ ಉತ್ತರ ಬಂದರೆ ಮುಂದಿನ ಲೆಕ್ಕದ ಅರ್ಥವೇ ಬದಲಾಗುತ್ತದೆ.

ಒಮೆಗಾಗೆ 5 ವರ್ಷದ, ಟಿಸೋಗೆ 2 ವರ್ಷದ ಅಂತಾರಾಷ್ಟ್ರೀಯ ವಾರಂಟಿ ಇದೆ. ಅಧಿಕೃತ ಡೀಲರ್ ಬಳಿ ಕೊಂಡಿದ್ದರೆ ಯಾವ ದೇಶವಾದರೂ ತೊಂದರೆ ಇಲ್ಲ. ಜಪಾನ್‌ನ ಒಳಮಾರುಕಟ್ಟೆಗೆ ಅಂತಲೇ ಮಾಡಿದ ಕ್ಯಾಸಿಯೋ, ಸೈಕೋ ಮಾದರಿಗಳ ಕಥೆ ಬೇರೆ. ಅವುಗಳ ಜೊತೆ ಬರುವ ಜಪಾನಿ ಭಾಷೆಯ ವಾರಂಟಿ ಕಾರ್ಡ್ ಸಾಮಾನ್ಯವಾಗಿ ಆ ದೇಶದೊಳಗೆ ಮಾತ್ರ ನಡೆಯುತ್ತದೆ. ಹತ್ತು ಸಾವಿರದ ಕ್ವಾರ್ಟ್ಜ್ ವಾಚಿಗೆ ಇದೇನು ದೊಡ್ಡ ಅಪಾಯ ಅಲ್ಲ. ಲಕ್ಷ ದಾಟಿದ ಮೆಕ್ಯಾನಿಕಲ್ ವಾಚಿಗೆ ಮಾತ್ರ ಖಂಡಿತ ಅಪಾಯ.

ಮಾಡಬೇಕಾದ್ದು ಇಷ್ಟೇ. ಬ್ರ್ಯಾಂಡಿನ ಭಾರತದ ಸರ್ವಿಸ್ ವಿಭಾಗಕ್ಕೆ ಇಮೇಲ್ ಬರೆಯಿರಿ: ಈ ಮಾದರಿ ಸಂಖ್ಯೆ, ಈ ದೇಶದ ಅಧಿಕೃತ ಅಂಗಡಿ, ವಾರಂಟಿಯಲ್ಲಿ ಇಲ್ಲಿ ರಿಪೇರಿ ಆಗುತ್ತದಾ? ಉತ್ತರ ಬರಹದಲ್ಲಿ ಇರಲಿ. ಕೌಂಟರಿನಲ್ಲಿ ಯಾರೋ "ಆಗುತ್ತೆ ಸರ್" ಅಂದದ್ದು ಮುಂದೆ ಸಾಕ್ಷಿಗೆ ಬರುವುದಿಲ್ಲ.

## ಹಂತ 4: ಅಲ್ಲಿಯ ತೆರಿಗೆ, ಅಲ್ಲಿ ಸಿಗುವ ವಾಪಸಾತಿ

ನಮ್ಮವರು ಜಾಸ್ತಿ ಕೊಳ್ಳುವುದು ದುಬೈನಲ್ಲಿ, ಅದನ್ನೇ ವಿವರವಾಗಿ ನೋಡೋಣ. ಯುಎಇಯಲ್ಲಿ ವ್ಯಾಟ್, ಅಂದರೆ ನಮ್ಮ ಜಿಎಸ್‌ಟಿ ಥರದ ಮಾರಾಟ ತೆರಿಗೆ, ಶೇ. 5. ಕನಿಷ್ಠ 250 ದಿರಮ್ ಖರೀದಿ ಮಾಡಿದ ಪ್ರವಾಸಿಗೆ ಆ ವ್ಯಾಟ್‌ನ ಶೇ. 85ರಷ್ಟು ವಾಪಸ್ ಸಿಗುತ್ತದೆ, ಒಂದೊಂದು ಬಿಲ್ಲಿಗೆ 4.80 ದಿರಮ್ ಶುಲ್ಕ ಹಿಡಿದುಕೊಳ್ಳುತ್ತಾರೆ. ಇಲ್ಲೊಂದು ಸಣ್ಣ ಲೆಕ್ಕದ ಎಡವಟ್ಟು ಇದೆ. ಬೆಲೆಯಲ್ಲಿ ವ್ಯಾಟ್ ಸೇರಿರುವುದರಿಂದ ಅದರ ಪಾಲು 105ರಲ್ಲಿ 5, ಅಂದರೆ ಶೇ. 4.76. ಅದರ ಶೇ. 85 ತೆಗೆದರೆ ನಿಮ್ಮ ಕೈಗೆ ಬರುವುದು ಬಿಲ್ಲಿನ ಶೇ. 4ರ ಆಸುಪಾಸು. "5% ವಾಪಸ್" ಅಂತ ಬರೆದುಕೊಂಡರೆ ಲೆಕ್ಕ ತಪ್ಪಿತು.

ಈ ವಾಪಸಾತಿ ಪ್ರವಾಸಿಗೆ ಮಾತ್ರ. ಅಲ್ಲೇ ಕೆಲಸದಲ್ಲಿರುವ ಭಾವನ ಹೆಸರಲ್ಲಿ ಬಿಲ್ ಮಾಡಿಸಿದರೆ ಒಂದು ದಿರಮ್ಮೂ ಬರುವುದಿಲ್ಲ.

ಉಳಿದ ದೇಶಗಳನ್ನು ಬೇಗ ಮುಗಿಸೋಣ. ಸಿಂಗಪುರದಲ್ಲಿ ಜಿಎಸ್‌ಟಿ ಶೇ. 9, ಕನಿಷ್ಠ ಖರೀದಿ 100 ಸಿಂಗಪುರ ಡಾಲರ್. ಸ್ವಿಟ್ಜರ್ಲೆಂಡ್‌ನಲ್ಲಿ ವ್ಯಾಟ್ ಶೇ. 8.1, ಕನಿಷ್ಠ 300 ಫ್ರಾಂಕ್. ಜಪಾನ್‌ನಲ್ಲಿ ಶೇ. 10, ಪಾಸ್‌ಪೋರ್ಟ್ ತೋರಿಸಿದರೆ ಅಂಗಡಿಯಲ್ಲೇ ತೆರಿಗೆ ಬಿಡುವ ಪದ್ಧತಿ ಇತ್ತು, 2026ರ ನವೆಂಬರ್ 1ರಿಂದ ಮೊದಲು ತೆರಿಗೆ ಕಟ್ಟಿ ಹೊರಡುವಾಗ ವಾಪಸ್ ಪಡೆಯುವ ಪದ್ಧತಿ. ಜರ್ಮನಿಯಲ್ಲಿ ಶೇ. 19, ಫ್ರಾನ್ಸ್‌ನಲ್ಲಿ ಶೇ. 20, ಆದರೆ ಮಧ್ಯದ ಕಂಪನಿಗಳು ತಮ್ಮ ಪಾಲು ಹಿಡಿದು ಕೊಡುವುದರಿಂದ ಕೈಗೆ ಬರುವುದು ಅದಕ್ಕಿಂತ ಸಾಕಷ್ಟು ಕಮ್ಮಿ. ಹಾಂಗ್‌ಕಾಂಗ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ, ವಾಪಸಾತಿಯ ಪ್ರಶ್ನೆಯೂ ಇಲ್ಲ.

ಎರಡು ದೇಶಗಳಲ್ಲಿ ಜನ ತಪ್ಪು ತಿಳಿಯುತ್ತಾರೆ. ಲಂಡನ್‌ನಲ್ಲಿ ಕೊಂಡು ಕೈಯಲ್ಲಿ ತಂದರೆ ವ್ಯಾಟ್ ವಾಪಸ್ ಬರುವ ಕಾಲ 2021ರ ಜನವರಿಗೇ ಮುಗಿಯಿತು. ಅಮೆರಿಕದಲ್ಲಿ ಬೆಲೆಚೀಟಿಯಲ್ಲಿ ತೆರಿಗೆ ಸೇರಿರುವುದೇ ಇಲ್ಲ. ಬಿಲ್ ಹಾಕುವಾಗ ಆ ರಾಜ್ಯದ ಮಾರಾಟ ತೆರಿಗೆ ಸೇರುತ್ತದೆ, ಪ್ರವಾಸಿ ಅಂತ ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಒರೆಗಾನ್, ಡೆಲವೇರ್‌ನಂಥ ಕೆಲವೇ ರಾಜ್ಯಗಳಲ್ಲಿ ಆ ತೆರಿಗೆ ಇಲ್ಲ.

## ಹಂತ 5: ಕಾರ್ಡಿನ ಕೂಲಿ ಸೇರಿಸಿ

ಹಲವು ಕ್ರೆಡಿಟ್ ಕಾರ್ಡುಗಳು ಹೊರದೇಶದ ಖರ್ಚಿಗೆ ಶೇ. 2ರಿಂದ 3.5ರವರೆಗೆ ಮಾರ್ಕಪ್ ಹಾಕುತ್ತವೆ. ಆ ಮಾರ್ಕಪ್ ಮೇಲೆ ಮತ್ತೆ ಶೇ. 18 ಜಿಎಸ್‌ಟಿ. ಹಾಗಾಗಿ 3.5 ಅನ್ನುವುದು 4.13 ಆಗುತ್ತದೆ. ಗಮನಿಸಿ, ದುಬೈನ ವ್ಯಾಟ್ ವಾಪಸಾತಿಯನ್ನು ಇದೊಂದೇ ನುಂಗಿಬಿಡುತ್ತದೆ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದರೆ ಈ ಸಾಲಿನಲ್ಲಿ ಸೊನ್ನೆ ಬರೆಯಿರಿ.

ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ. ಆ ಊರಿನ ಹಣದಲ್ಲೇ ಕಟ್ಟಿ. ರೂಪಾಯಿ ಒತ್ತಿದರೆ ಅಂಗಡಿಯವರ ಬ್ಯಾಂಕ್ ತನಗೆ ಬೇಕಾದ ದರ ಹಾಕುತ್ತದೆ. ಕೆಲವು ಕಡೆ ಸೇಲ್ಸ್‌ಮನ್ ನಿಮ್ಮನ್ನು ಕೇಳದೆಯೇ ಒತ್ತಿಬಿಡುತ್ತಾನೆ, ಸಹಿ ಹಾಕುವ ಮುಂಚೆ ಚೀಟಿ ಓದಿ.

## ಹಂತ 6: ಭಾರತದ ಸುಂಕ, ಎಲ್ಲ ಲೆಕ್ಕ ಮಗುಚುವ ಜಾಗ

2016ರ ಬ್ಯಾಗೇಜ್ ನಿಯಮದಲ್ಲಿ ಭಾರತದ ನಿವಾಸಿಗೆ ಸುಂಕರಹಿತ ಮಿತಿ 50,000 ರೂಪಾಯಿ ಇತ್ತು. 2026ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂದು ಅದು 75,000 ಆಯಿತು. ಮಿತಿ ದಾಟಿದ ಭಾಗಕ್ಕೆ ವರ್ಷಗಳಿಂದ ನಡೆದುಬಂದ ದರ ಶೇ. 35, ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಒಟ್ಟು ಶೇ. 38.5. ಬಜೆಟ್ ಬಂದಾಗೆಲ್ಲ ಇಂಥ ದರ ಬದಲಾಗುವ ಸಾಧ್ಯತೆ ಇರುವುದರಿಂದ ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ.

ಈ ಮಿತಿ ವಾಚಿಗೆ ಮಾತ್ರ ಅಲ್ಲ. ಮಕ್ಕಳ ಆಟಿಕೆ, ಪರ್ಫ್ಯೂಮ್, ಅತ್ತೆಗೆ ತಂದ ಮಿಕ್ಸರ್ ಎಲ್ಲವೂ ಅದರೊಳಗೇ ಬರುತ್ತವೆ. ಗಂಡನ ಮಿತಿ, ಹೆಂಡತಿಯ ಮಿತಿ ಕೂಡಿಸಿ ಒಂದೇ ವಾಚಿಗೆ ಹಚ್ಚಲೂ ಬರುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬೆಂಗಳೂರಿನಲ್ಲಿ ಎಂಆರ್‌ಪಿ 1,00,000, ಡೀಲರ್ ಶೇ. 10 ಬಿಟ್ಟು 90,000ಕ್ಕೆ ಕೊಡುತ್ತಾನೆ. ದುಬೈನಲ್ಲಿ ಅದೇ ವಾಚ್ 3,600 ದಿರಮ್, ದಿರಮ್‌ಗೆ 24 ರೂಪಾಯಿ ಅಂತಿಟ್ಟುಕೊಂಡರೆ 86,400.

ಅಲ್ಲಿಯ ಬಿಲ್: 86,400
ಕಾರ್ಡ್ ಶುಲ್ಕ, ಶೇ. 4.13: ಕೂಡಿಸಿ 3,568
ವ್ಯಾಟ್ ವಾಪಸ್, ಶುಲ್ಕ ಕಳೆದು: ಕಳೆಯಿರಿ 3,382
75,000 ದಾಟಿದ 11,400ಕ್ಕೆ ಸುಂಕ: ಕೂಡಿಸಿ 4,389
ಒಟ್ಟು: 90,975

ಎಂಆರ್‌ಪಿ ಜೊತೆ ಹೋಲಿಸಿದಾಗ 13,600 ಉಳಿತಾಯ ಅಂತ ಕಂಡ ವಾಚ್, ಕೊನೆಗೆ ಬೆಂಗಳೂರಿನ ಡೀಲರ್ ಬೆಲೆಗಿಂತ 975 ಜಾಸ್ತಿ ಆಯಿತು. ಅದೂ ನೀವು ಬೇರೇನೂ ತರದಿದ್ದರೆ.

ಬೆಲೆ ಏರಿದಷ್ಟೂ ಇದು ಕೆಡುತ್ತದೆ. ಅಲ್ಲಿ 2,50,000 ಬಿಲ್ ಆದ ವಾಚಿಗೆ ಇಲ್ಲಿ ಕಟ್ಟಬೇಕಾದ ಸುಂಕ 67,375. ಇಲ್ಲಿ ಅದೇ ವಾಚ್ 3,00,000ಕ್ಕೆ ಸಿಗುತ್ತಿದ್ದರೆ ಹೊರದೇಶದ ಆಸೆ ಬಿಡುವುದೇ ಒಳ್ಳೆಯದು.

ಹಾಗಾದರೆ ನನ್ನ ತೀರ್ಪು ಹೀಗಿದೆ. ಬಿಲ್ ಸುಂಕರಹಿತ ಮಿತಿಯ ಒಳಗಿದ್ದು ಇಲ್ಲಿಗಿಂತ ಶೇ. 10ಕ್ಕೂ ಜಾಸ್ತಿ ಉಳಿಯುತ್ತಿದ್ದರೆ ಹೊರಗೆ ಕೊಳ್ಳಿ. ಮಿತಿಯ ಒಳಗಿದ್ದೂ ಉಳಿತಾಯ ಅದಕ್ಕಿಂತ ಕಮ್ಮಿ ಇದ್ದರೆ ಇಲ್ಲೇ ಕೊಳ್ಳಿ. ವಾಚಿನ ಪಟ್ಟಿ ಸಣ್ಣದು ಮಾಡಿಸಲು, ಸರ್ವಿಸ್‌ಗೆ, ಜಗಳಕ್ಕೆ ಅಂಗಡಿ ಹತ್ತಿರ ಇರುತ್ತದೆ. ಮಿತಿ ದಾಟಿದ ವಾಚುಗಳಲ್ಲಿ ಹೊರದೇಶ ಗೆಲ್ಲುವುದು ಅಪರೂಪ. ಇಲ್ಲಿ ಮಾರಾಟಕ್ಕೇ ಬಾರದ ಮಾದರಿ ಆಗಿದ್ದರೆ ಮಾತ್ರ ಸುಂಕ ಕಟ್ಟಿ ತನ್ನಿ.

"ಕೈಗೆ ಕಟ್ಟಿಕೊಂಡು ಬಂದ್ರೆ ಯಾರೂ ಕೇಳಲ್ಲ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಮೊನ್ನೆ ಕೊಂಡ ವಾಚ್ ಕೈಗೆ ಕಟ್ಟಿದ ಮಾತ್ರಕ್ಕೆ ಹಳೆಯದಾಗುವುದಿಲ್ಲ. ಸುಂಕದ ವಸ್ತು ಇಟ್ಟುಕೊಂಡು ನಿಲ್ದಾಣದ ಹಸಿರು ದಾರಿಯಲ್ಲಿ (ಸುಂಕ ಕಟ್ಟುವಂಥದ್ದು ಏನೂ ಇಲ್ಲದವರ ದಾರಿ) ನಡೆದು ಸಿಕ್ಕಿಬಿದ್ದರೆ ವಾಚ್ ಜಪ್ತಿ ಆಗಬಹುದು, ದಂಡ ಬೇರೆ. ಆ ಲೆಕ್ಕದ ಮೇಲೆ ಖರೀದಿ ನಿಂತಿದ್ದರೆ ಕೊಳ್ಳಲೇಬೇಡಿ.

## ಹಂತ 7: ಅಂಗಡಿಯಲ್ಲಿ ಅರ್ಧ ಗಂಟೆ

ಬ್ರ್ಯಾಂಡಿನ ಜಾಲತಾಣದ ಅಂಗಡಿ ಪಟ್ಟಿಯಲ್ಲಿ ಹೆಸರಿದ್ದ ಕಡೆಗೇ ಹೋಗಿ. ದುಬೈನ ಕರಾಮಾ, ದೇರಾ ಓಣಿಗಳಲ್ಲಿ "ಕಾಪಿ ವಾಚ್" ಅಂತ ಪಿಸುಗುಟ್ಟುತ್ತಾ ಹಿಂದೆ ಬರುವವರ ಜೊತೆ ಮಾತಿಗೇ ನಿಲ್ಲಬೇಡಿ.

ಹಿಂಬದಿಯ ಮುಚ್ಚಳದ ಮೇಲಿನ ಸೀರಿಯಲ್ ಸಂಖ್ಯೆ ಮತ್ತು ವಾರಂಟಿ ಕಾರ್ಡಿನ ಸಂಖ್ಯೆ ಒಂದೇ ಇದೆಯಾ ನೋಡಿ. ಎಲ್ಲ ಬ್ರ್ಯಾಂಡಿನಲ್ಲೂ ಮುಚ್ಚಳದ ಮೇಲೇ ಇರುವುದಿಲ್ಲ, ಎಲ್ಲಿದೆ ಅಂತ ಅವರನ್ನೇ ಕೇಳಿ. ಕಾರ್ಡಿನಲ್ಲಿ ಇವತ್ತಿನ ದಿನಾಂಕ, ಅಂಗಡಿಯ ಮುದ್ರೆ ಇರಬೇಕು. "ದಿನಾಂಕ ಖಾಲಿ ಬಿಡ್ತೀವಿ, ನೀವೇ ಹಾಕ್ಕೊಳ್ಳಿ" ಅಂದರೆ ಅದು ಉಪಕಾರ ಅಲ್ಲ. ಅಂಥ ಅಂಗಡಿಯಿಂದ ಹೊರಗೆ ಬನ್ನಿ.

ಆಟೋಮ್ಯಾಟಿಕ್ ಆದರೆ ಮೊದಲು ಮುಳ್ಳುಗಳನ್ನು 6 ಗಂಟೆಯ ಹತ್ತಿರ ತರಿಸಿ. ಸುಮಾರು ರಾತ್ರಿ 9ರಿಂದ ಬೆಳಗಿನ ಜಾವ 4ರ ನಡುವೆ ತಾರೀಖು ಬದಲಿಸುವ ಹಲ್ಲುಗಳು ಕೆಲಸದಲ್ಲಿರುತ್ತವೆ, ಆಗ ಕೈಯಿಂದ ತಿರುಗಿಸಿದರೆ ಮುರಿಯಬಹುದು. ಆಮೇಲೆ ಪಕ್ಕದ ತಿರುಪನ್ನು ಒಂದು ಹಂತ ಎಳೆದು ತಾರೀಖು, ವಾರ ಎರಡನ್ನೂ ತಿರುಗಿಸಿ. ಎರಡು ಭಾಷೆಯ ವಾರದ ಚಕ್ರದಲ್ಲಿ ಇಂಗ್ಲಿಷಿನ ಭಾನುವಾರದ ಪಕ್ಕದಲ್ಲೇ ಅರೇಬಿಕ್‌ನ ಭಾನುವಾರ ಬರುತ್ತದೆ. ಮಧ್ಯರಾತ್ರಿ ಕಳೆದು ಬೆಳಗಾಗುವುದರೊಳಗೆ ಅದು ತಾನೇ ಎರಡು ಮನೆ ದಾಟುತ್ತದೆ, ನೀವು ಯಾವ ಭಾಷೆಯಲ್ಲಿ ಇಟ್ಟಿರೋ ಅದರಲ್ಲೇ ಉಳಿಯುತ್ತದೆ. ಮುಳ್ಳು ಬೆಳಗಿನ 6 ದಾಟಿದ ಮೇಲೂ ಮಧ್ಯದಲ್ಲೇ ನಿಂತಿದ್ದರೆ ಬೇರೆ ವಾಚ್ ಕೇಳಿ.

ಲೋಹದ ಪಟ್ಟಿ ಸಣ್ಣದು ಮಾಡಿಸಿದರೆ ತೆಗೆದ ಕೊಂಡಿಗಳನ್ನು ಮರೆಯದೆ ಇಸಿದುಕೊಳ್ಳಿ. ಯುರೋಪಿನಲ್ಲಿ ಕೊಂಡಿದ್ದರೆ ಅಲ್ಲಿಂದ ಹೊರಡುವ ತನಕ ಕಟ್ಟಿಕೊಳ್ಳಬೇಡಿ, ಕಸ್ಟಮ್ಸ್‌ನವರು ಬಳಸದ ವಸ್ತು ಕೇಳುತ್ತಾರೆ.

ಬಿಲ್ ನಿಮ್ಮ ಪಾಸ್‌ಪೋರ್ಟ್ ಹೆಸರಿನಲ್ಲೇ ಇರಲಿ, ಅದರ ಮೇಲೆ ಸೀರಿಯಲ್ ಸಂಖ್ಯೆ ಬರೆಸಿ. ತೆರಿಗೆ ವಾಪಸಾತಿಯ ಕಾಗದ ಅಲ್ಲೇ, ಆಗಲೇ ಮಾಡಿಸಬೇಕು. ಮರುದಿನ ಹೋದರೆ ಕೆಲವರು ಮಾಡಿಕೊಡುವುದಿಲ್ಲ.

## ಹಂತ 8: ಹೊರಡುವ ವಿಮಾನ ನಿಲ್ದಾಣ

ವಾಚ್, ಬಿಲ್, ಪಾಸ್‌ಪೋರ್ಟ್ ಮೂರೂ ಕೈಚೀಲದಲ್ಲಿರಲಿ. ದೊಡ್ಡ ಸೂಟ್‌ಕೇಸಿನಲ್ಲಿಟ್ಟು ಚೆಕ್-ಇನ್ ಮಾಡಿದ ಮೇಲೆ "ವಸ್ತು ತೋರಿಸಿ" ಅಂದರೆ ಏನೂ ಮಾಡಲಾಗದು. ದುಬೈನಲ್ಲಿ ತೆರಿಗೆ ವಾಪಸಾತಿಯ ಕೌಂಟರಿಗೆ ಬ್ಯಾಗ್ ಕೊಡುವ ಮೊದಲೇ ಹೋಗಿ. ಮಧ್ಯರಾತ್ರಿಯ ಭಾರತದ ವಿಮಾನಗಳ ಹೊತ್ತಿಗೆ ಸಾಲು ಉದ್ದ ಇರುತ್ತದೆ, ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಯುರೋಪಿನಲ್ಲಿ ಮುದ್ರೆ ಬೀಳಬೇಕಾದ್ದು ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ. ಪ್ಯಾರಿಸ್‌ನಲ್ಲಿ ಕೊಂಡು ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಬರುತ್ತಿದ್ದರೆ, ಕೈಚೀಲದ ವಾಚಿಗೆ ಫ್ರಾಂಕ್‌ಫರ್ಟ್‌ನಲ್ಲಿ. ಜೂರಿಕ್ ಮೂಲಕ ಬರುತ್ತಿದ್ದರೆ ಪ್ಯಾರಿಸ್‌ನಲ್ಲೇ, ಯಾಕೆಂದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿ ಇಲ್ಲ. ಮೊದಲು ಕಸ್ಟಮ್ಸ್ ಮುದ್ರೆ, ಆಮೇಲೆ ದುಡ್ಡಿನ ಕೌಂಟರ್. ಈ ಕ್ರಮ ತಿರುಗುಮುರುಗಾದರೆ ಮತ್ತೆ ಸಾಲಿನ ಕೊನೆಗೆ.

## ಹಂತ 9: ಕೆಂಪೇಗೌಡ ನಿಲ್ದಾಣವೋ ಬಜ್ಪೆಯೋ, ಇಳಿದ ಮೇಲೆ

ಮಿತಿ ದಾಟಿದ್ದರೆ ಕೆಂಪು ದಾರಿ, ಅಂದರೆ ಸುಂಕ ಕಟ್ಟಬೇಕಾದವರ ದಾರಿ. ಕಸ್ಟಮ್ಸ್ ಇಲಾಖೆಯ 'ಅತಿಥಿ' ಆ್ಯಪ್‌ನಲ್ಲಿ ಮೊದಲೇ ಘೋಷಣೆ ತುಂಬಿದರೆ ಅಲ್ಲಿ ನಿಲ್ಲುವುದು ಕಮ್ಮಿ. ಅಸಲಿ ಬಿಲ್ ತೋರಿಸಿ. ಬಿಲ್ ಇಲ್ಲ ಅಂದರೆ ಅಧಿಕಾರಿಯೇ ಬೆಲೆ ಕಟ್ಟುತ್ತಾರೆ, ಅದು ನಿಮಗೆ ಇಷ್ಟವಾಗುವ ಬೆಲೆ ಆಗಿರಲಿಕ್ಕಿಲ್ಲ. ಸುಂಕ ಕಟ್ಟಿದ ರಸೀದಿಯನ್ನು ವಾರಂಟಿ ಕಾರ್ಡಿನ ಜೊತೆಗೇ ಇಡಿ, ಮುಂದೆ ಮಾರುವಾಗ ಅದಕ್ಕೂ ಬೆಲೆ ಇದೆ.

## ಬೇರೆಯವರಿಂದ ತರಿಸುವವರಿಗೆ

ಕರಾವಳಿಯ ಮನೆಗಳಲ್ಲಿ ಗಲ್ಫ್‌ನಿಂದ ಬರುವವರು ಒಬ್ಬರಾದರೂ ಇರುತ್ತಾರೆ, ಕೇಳುವುದು ಸಹಜ. ಆದರೆ ವರ್ಷಕ್ಕೊಮ್ಮೆ ಬರುವವರ ಮಿತಿಯನ್ನು ನಿಮ್ಮ ವಾಚ್ ತಿಂದುಬಿಟ್ಟರೆ ಅವರು ಮಕ್ಕಳಿಗೆ ತಂದ ಸಾಮಾನಿಗೆ ಸುಂಕ ಬೀಳುತ್ತದೆ. ಕೇಳುವ ಮೊದಲು ಅವರ ಚೀಲದಲ್ಲಿ ಜಾಗ ಇದೆಯಾ ಅಂತ ಮಾತ್ರ ವಿಚಾರಿಸಬೇಡಿ, ಮಿತಿಯಲ್ಲಿ ಜಾಗ ಇದೆಯಾ ಅಂತಲೂ ವಿಚಾರಿಸಿ. ಬಿಲ್ಲು, ಕಾರ್ಡು ಅವರ ಬಳಿಯೇ ಇರಲಿ, ಏನು ತರುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಲಿ.

"ಗಿಫ್ಟ್ ಅಂತ ಬರೆದು ಪಾರ್ಸೆಲ್ ಹಾಕಿ" ಅನ್ನುವ ಉಪಾಯ ಈಗ ನಡೆಯುವುದಿಲ್ಲ. 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು.

ಇನ್‌ಸ್ಟಾಗ್ರಾಮ್‌ನಲ್ಲಿ "ಕಸ್ಟಮ್ಸ್ ಹಿಡಿದ ಮಾಲು", "ಬಿಲ್ ಇಲ್ಲ, ಬಾಕ್ಸ್ ಇದೆ" ಅಂತ ಮಾರುವವರ ವಿಷಯಕ್ಕೆ ಹೆಚ್ಚು ಹೇಳುವುದೇನೂ ಇಲ್ಲ. ದೂರ ಇರಿ.

## ಮುಂದಿನ ಸಲ ಅದೇ ವಾಚ್ ಕಟ್ಟಿಕೊಂಡು ಹೊರಟರೆ

ಇಲ್ಲೇ ಕೊಂಡಿರಲಿ, ಹೊರಗಿನಿಂದ ತಂದಿರಲಿ, ಬೆಲೆಬಾಳುವ ವಾಚ್ ಧರಿಸಿ ಹೊರದೇಶಕ್ಕೆ ಹೋಗುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ವಾಚ್, ಬಿಲ್, ಸೀರಿಯಲ್ ಸಂಖ್ಯೆಯ ಫೋಟೊ ಜೊತೆಗಿರಲಿ, ಸಮಯ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ವಾಪಸ್ ಬಂದಾಗ "ಇದನ್ನು ಎಲ್ಲಿ ಕೊಂಡಿರಿ?" ಅಂತ ಕೇಳಿದರೆ ಆ ಕಾಗದ ತೋರಿಸಿದರಾಯಿತು. ಅದರ ಒಂದು ಫೋಟೊ ಫೋನಿನಲ್ಲೂ ಇರಲಿ.